ಕೇಳದೆಯೇ ಓಡುತ್ತಿದ್ದ ಪ್ರೋಗ್ರಾಮು

ಮೇಲುಕೋಟೆಯ ವೈರಮುಡಿ ಕಿರೀಟ ವರ್ಷವಿಡೀ ಮೇಲುಕೋಟೆಯಲ್ಲಿರುವುದಿಲ್ಲ. ಅದರ ವಾಸ ಮಂಡ್ಯದ ಖಜಾನೆಯಲ್ಲಿ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಬೆಟ್ಟ ಹತ್ತುತ್ತದೆ, ರಾತ್ರಿ ಚೆಲುವನಾರಾಯಣನ ಮುಡಿಗೇರುತ್ತದೆ, ಮತ್ತೆ ಬೀಗದೊಳಗೆ. ಕಂಪ್ಯೂಟರಿಗೆ ವಿಂಡೋಸ್ ಕಟ್ಟಿದವರು ಬಹುಕಾಲ ಇದಕ್ಕೆ ತದ್ವಿರುದ್ಧವಾಗಿ ನಡೆದರು: ಬೇಕಿರಲಿ, ಬೇಡದಿರಲಿ, ಸೌಲಭ್ಯಗಳೆಲ್ಲ ಸದಾ ತೆರೆದೇ ಇರಲಿ.

ವಿಂಡೋಸ್ 95ರೊಂದಿಗೆ ಬಂದ ಆಟೊರನ್ ಅಂಥದ್ದು. ಸಿ.ಡಿ. ಹಾಕಿದೊಡನೆ ಅದರೊಳಗಿನ 'ಆಟೊರನ್.ಇನ್ಫ್' ಎಂಬ ಪುಟ್ಟ ಫೈಲನ್ನು ವಿಂಡೋಸ್ ಓದಿ, ಅಲ್ಲಿ ಹೆಸರಿಸಿದ ಪ್ರೋಗ್ರಾಮನ್ನು ತಾನೇ ಶುರುಮಾಡುತ್ತಿತ್ತು. ಅಚ್ಚಾಗಿ ಬಂದ ಸಿ.ಡಿ.ಯ ಮೇಲೆ ದಾರಿಯಲ್ಲಿ ಯಾರೂ ಏನನ್ನೂ ಬರೆಯಲಾರರು. ಹಾಗಾಗಿ ಆ ನಂಬಿಕೆ ಅಷ್ಟೇನೂ ಪೆದ್ದತನವಲ್ಲ. ಪೆನ್ ಡ್ರೈವ್ ಬಂದದ್ದೇ ಲೆಕ್ಕ ತಪ್ಪಿತು. 'ನುಡಿ' ಅಥವಾ 'ಬರಹ' ತಂತ್ರಾಂಶದಲ್ಲಿ ಟೈಪಿಸಿದ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ ಎಲ್ಲವೂ ಪೆನ್ ಡ್ರೈವಿನಲ್ಲೇ ಡಿಟಿಪಿ ಅಂಗಡಿಗೆ ಹೋಗುತ್ತಿದ್ದ ಕಾಲ ಅದು. ಸೋಂಕಿದ ಒಂದು ಯಂತ್ರ ತನಗೆ ಚುಚ್ಚಿದ ಪ್ರತಿ ಡ್ರೈವಿಗೂ ವೈರಸ್ಸಿನ ಪ್ರತಿಯನ್ನೂ ಅದನ್ನು ಎಬ್ಬಿಸುವ ಆ ಪುಟ್ಟ ಫೈಲನ್ನೂ ಬರೆದುಬಿಡುತ್ತಿತ್ತು.

2008ರ ಕೊನೆಯಲ್ಲಿ ಹೊರಟ ಕಾನ್‌ಫಿಕರ್ ಎಂಬ ವರ್ಮ್ ಮುಖ್ಯವಾಗಿ ನೆಟ್‌ವರ್ಕ್ ದೋಷದ ಮೂಲಕ ನುಸುಳಿದರೂ ಈ ದಾರಿಯನ್ನೂ ಬಿಡಲಿಲ್ಲ. ಡ್ರೈವ್ ಚುಚ್ಚಿದಾಗ ಮೂಡುವ ಪಟ್ಟಿಯಲ್ಲಿ ಫೋಲ್ಡರಿನ ಚಿತ್ರವನ್ನೇ ತೊಟ್ಟು, 'ಫೈಲುಗಳನ್ನು ನೋಡಲು ಫೋಲ್ಡರ್ ತೆರೆಯಿರಿ' ಎಂಬರ್ಥದ ಸಾಲಾಗಿ ಕೂತಿತು. ಒತ್ತಿದವರು ವರ್ಮನ್ನೇ ಓಡಿಸಿದರು. ಹಾಗೆಂದು ಆಟೊರನ್ ಕೆಟ್ಟಿರಲಿಲ್ಲ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ.

ಮುಚ್ಚುವುದೂ ಸುಲಭವಿರಲಿಲ್ಲ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಒಂದು ಸಂಖ್ಯೆಯ ಒಂದೊಂದು ಬಿಟ್ ಒಂದೊಂದು ಬಗೆಯ ಡ್ರೈವಿಗೆ. 255 ಎಂದು ಬರೆದರೆ ಎಲ್ಲ ಬಿಟ್‌ಗಳೂ 1, ಎಲ್ಲ ಬಾಗಿಲೂ ಬಂದ್. ಆದರೆ ಹಳೆಯ ವಿಂಡೋಸ್ ಇದನ್ನು ಪೂರ್ತಿ ಪಾಲಿಸುತ್ತಿಲ್ಲವೆಂದು ಅಮೆರಿಕದ ಕಂಪ್ಯೂಟರ್ ಸುರಕ್ಷತಾ ಸಂಸ್ಥೆ ಯುಎಸ್-ಸರ್ಟ್ 2009ರ ಜನವರಿಯಲ್ಲಿ ಎಚ್ಚರಿಸಿತು. ಅದು ಸೂಚಿಸಿದ ಉಪಾಯ ತಮಾಷೆಯದು: ಆಟೊರನ್.ಇನ್ಫ್‌ನಲ್ಲಿ ಓದಬೇಕಾದ್ದನ್ನು ರಿಜಿಸ್ಟ್ರಿಯ ಇಲ್ಲದ ಜಾಗವೊಂದರಲ್ಲಿ ಹುಡುಕುವಂತೆ ವಿಂಡೋಸನ್ನೇ ಯಾಮಾರಿಸುವುದು.

ಅದೇ ವರ್ಷ ಬಂದ ವಿಂಡೋಸ್ 7 ಪೆನ್ ಡ್ರೈವುಗಳಿಗೆ ಆಟೊರನ್ ನಿಲ್ಲಿಸಿತು. ಎಕ್ಸ್‌ಪಿ, ವಿಸ್ಟಾಗಳಿಗೆ ಆ ಬದಲಾವಣೆ ತಾನಾಗಿ ತಲುಪಿದ್ದು 2011ರ ಫೆಬ್ರವರಿಯಲ್ಲಿ. ನನ್ನ ಮಟ್ಟಿಗೆ ಇದು ಕ್ಷಮಿಸಲಾರದ ತಡ. ಮೇ ತಿಂಗಳ ಹೊತ್ತಿಗೆ ಆಟೊರನ್ ಬಳಸುವ ಸೋಂಕುಗಳು 2010ಕ್ಕೆ ಹೋಲಿಸಿದರೆ ಎಕ್ಸ್‌ಪಿಯಲ್ಲಿ ಶೇ 59, ವಿಸ್ಟಾದಲ್ಲಿ ಶೇ 74 ಇಳಿದಿದ್ದವೆಂದು ಮೈಕ್ರೋಸಾಫ್ಟೇ ಲೆಕ್ಕ ಕೊಟ್ಟಿತು.

ಇದರಿಂದ ಪೆನ್ ಡ್ರೈವ್ ನಿರಪಾಯವಾಯಿತೆಂದಲ್ಲ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ವರ್ಮ್‌ಗೆ ಆಟೊರನ್ ಬೇಕಿರಲಿಲ್ಲ; ಅದರ ಶಾರ್ಟ್‌ಕಟ್ ಚಿತ್ರ ಪರದೆಯ ಮೇಲೆ ಮೂಡಿದರೆ ಸಾಕಿತ್ತು. ಆ ರಂಧ್ರಕ್ಕೆ ಅಪ್‌ಡೇಟೇ ಮದ್ದು. ಈಗಿನ ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್‌ನೊಳಗೆ, ಡ್ರೈವ್ ಚುಚ್ಚಿದಾಗ ಆ ಪಟ್ಟಿ ಮೂಡಿಸುವ 'ಆಟೊಪ್ಲೇ'ಗೆ ಸ್ವಿಚ್ಚಿದೆ. ಅದನ್ನು ಆಫ್ ಮಾಡಿದರೆ, ಚುಚ್ಚಿದ ಡ್ರೈವು ನೀವಾಗಿ ತೆರೆಯುವವರೆಗೆ ಸುಮ್ಮನಿರುತ್ತದೆ.