ಮರದ ತುದಿಗೆ ಕರೆಂಟು

ಚೈನ್‌ಸಾ ಅಂದ ಕೂಡಲೇ ಕಿವಿಗೆ ಬರುವುದು ಪೆಟ್ರೋಲ್ ಯಂತ್ರದ ಅರಚಾಟ. ದಾರ ಎಳೆದು ಚಾಲೂ ಮಾಡಬೇಕು, ನೀಲಿ ಹೊಗೆ ಕುಡಿಯಬೇಕು, ಇಡೀ ಕಣಿವೆಗೆ ನಾವು ಮರ ಕೊಯ್ಯುವ ಸುದ್ದಿ ಮುಟ್ಟಿಸಬೇಕು. ಆದರೆ ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ಮಾಡಿದ ಮೊದಲ ಚೈನ್‌ಸಾ ಓಡುತ್ತಿದ್ದದ್ದು ಕರೆಂಟಿನಲ್ಲಿ. ಆಚೆ ಒಬ್ಬ, ಈಚೆ ಒಬ್ಬ ಹಿಡಿಯಬೇಕಾದಷ್ಟು ಭಾರ. ಭಾರವನ್ನಾದರೂ ಹೇಗೋ ಹೊರಬಹುದಿತ್ತು, ಆದರೆ ಮರಗಳು ಕಾಡಿನಲ್ಲಿದ್ದವು, ಪ್ಲಗ್ ಊರಿನಲ್ಲಿತ್ತು. 1929ಕ್ಕೆ ಅದೇ ಸ್ಟೀಲ್ ಪೆಟ್ರೋಲ್ ಗರಗಸ ಹೊರತಂದರು. ಆಮೇಲೆ ಬಹುಕಾಲ ಕಾಡು ಪೆಟ್ರೋಲಿನದೇ ಆಯಿತು.

ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಾಫಿ ತೋಟಗಳಲ್ಲಿ ಮರದ ಬಳಿ ಪ್ಲಗ್ ಇಲ್ಲದ ಇದೇ ತೊಡಕು ವರ್ಷವರ್ಷವೂ ಎದುರಾಗುತ್ತದೆ. ಮಳೆ ಹಿಡಿಯುವ ಮುಂಚೆ ಮರಗಸಿ ಮುಗಿಯಬೇಕು. ಸಿಲ್ವರ್ ಓಕ್, ಹಾಲವಾಣ, ಅತ್ತಿ, ಹಲಸು, ಯಾವುದೇ ನೆರಳು ಮರವಾಗಲಿ, ಕೊಂಬೆ ಸವರಿ ಬಿಸಿಲು, ಗಾಳಿ ಕೆಳಗೆ ಇಳಿಯುವಂತೆ ಮಾಡದಿದ್ದರೆ ಜುಲೈ ಹೊತ್ತಿಗೆ ಗಿಡದಲ್ಲಿ ಕೊಳೆರೋಗ ಶುರುವಾಗುತ್ತದೆ. ಕತ್ತಿ ಸೊಂಟಕ್ಕೆ ಸಿಕ್ಕಿಸಿ ನಲವತ್ತು ಅಡಿ ಹತ್ತುವ ಆಳುಗಳು ಈಗ ವಿರಳ. ಹತ್ತುವವರು ಇದ್ದರೂ, ಪೆಟ್ರೋಲ್ ಗರಗಸವನ್ನು ಒಂದು ಕೈಯಲ್ಲಿ ಹಿಡಿದು ಕೊಂಬೆಯ ಮೇಲೆ ನಿಂತು ದಾರ ಎಳೆಯುವುದು ಯಾರೂ ಮಾಡಬಾರದ ಸರ್ಕಸ್ಸು. ಹಾಗಾಗಿ ಪ್ರತಿ ತೋಟದಲ್ಲೂ ಒಬ್ಬರಾದರೂ ಕೇಳುತ್ತಾರೆ: ಕರೆಂಟಿನ ಗರಗಸ ಹಗುರ ಇದೆಯಲ್ಲ, ಮನೆಯ ಇನ್ವರ್ಟರನ್ನೇ ಜೀಪಿಗೆ ಹಾಕಿಕೊಂಡು ಹೋದರೆ ಆಗುವುದಿಲ್ಲವೇ?

ಕಾಗದದ ಮೇಲೆ ಧಾರಾಳ ಆಗುತ್ತದೆ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿ ಅಂದರೆ 1,800 ವ್ಯಾಟ್-ಅವರ್, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಎರಡು ಯೂನಿಟ್ಟಿಗೆ ಸ್ವಲ್ಪ ಕಮ್ಮಿ. ಗರಗಸದ ಮೇಲೆ 2,000 ವ್ಯಾಟ್ ಎಂದು ಬರೆದಿದೆ. ಹತ್ತಿರಹತ್ತಿರ ಒಂದು ಗಂಟೆ ಓಡಬೇಕಲ್ಲ!

ಓಡುವುದಿಲ್ಲ. 2,000 ವ್ಯಾಟನ್ನು 12 ವೋಲ್ಟಿನಿಂದ ತೆಗೆಯಬೇಕಾದರೆ 167 ಆಂಪಿಯರ್ ಹರಿಯಬೇಕು. ಇನ್ವರ್ಟರಿನಲ್ಲಿ ಬಿಸಿಯಾಗಿ ಹೋಗುವ ಪಾಲು ಸೇರಿಸಿದರೆ 190ರ ಸುಮಾರು. ಆದರೆ ಬ್ಯಾಟರಿಯ ಮೇಲಿನ 150ರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಸಿ20 ಎಂದಿರುತ್ತದೆ. ಏಳೂವರೆ ಆಂಪಿಯರಿನಂತೆ ಇಪ್ಪತ್ತು ಗಂಟೆ ನಿಧಾನವಾಗಿ ಎಳೆದರೆ ಮಾತ್ರ ಆ 150 ಸಿಗುತ್ತದೆ ಎಂಬ ಕರಾರು ಅದು. ಅದರ ಇಪ್ಪತ್ತೈದು ಪಟ್ಟು ವೇಗದಲ್ಲಿ ಎಳೆದರೆ, ಸೀಸದ ಪ್ಲೇಟಿನ ಸೂಕ್ಷ್ಮ ರಂಧ್ರಗಳೊಳಗಿನ ಆಸಿಡ್ ಕ್ಷಣದಲ್ಲಿ ತೆಳುವಾಗುತ್ತದೆ. ಹೊರಗಿನ ಆಸಿಡ್ ಒಳಗೆ ಇಳಿದು ಬರಲು ಅದರದೇ ಸಮಯ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ವೋಲ್ಟೇಜು ಕುಸಿದು ಇನ್ವರ್ಟರ್ ಕುಯ್ ಕುಯ್ ಎಂದು ಕೂಗಿ ಆಫ್ ಆಗುತ್ತದೆ. ಬ್ಯಾಟರಿಯಲ್ಲಿ ಶಕ್ತಿ ಇನ್ನೂ ಉಳಿದೇ ಇರುತ್ತದೆ, ಕೈಗೆ ಬರುವುದಿಲ್ಲ ಅಷ್ಟೆ. ಅವಸರಕ್ಕೆ ತಕ್ಕಂತೆ ಸೀಸದ ಬ್ಯಾಟರಿ ಜಿಪುಣತನ ತೋರಿಸುವ ಈ ಗುಣವನ್ನು ಜರ್ಮನಿಯ ಪ್ಯೂಕರ್ಟ್ ಎಂಬಾತ 1897ರಲ್ಲೇ ಸೂತ್ರವಾಗಿ ಬರೆದಿಟ್ಟಿದ್ದಾನೆ. ಇದರ ಮೇಲೆ ಐವತ್ತು ಕಿಲೋ ದಾಟುವ ತೂಕ. ಅಂದಹಾಗೆ, ಮನೆಯ ಸಾಮಾನ್ಯ ಇನ್ವರ್ಟರಿನ ಸಾಮರ್ಥ್ಯ 900 ವಿ.ಎ. ಆಸುಪಾಸು. 2,000 ವ್ಯಾಟಿನ ಗರಗಸದ ಗುಂಡಿ ಒತ್ತಿದ ಮರುಗಳಿಗೆಗೇ ಅದು ಕೈ ಚೆಲ್ಲುತ್ತದೆ.

ಹಾಗಾದರೆ ಪಂಪ್‌ಹೌಸಿನಿಂದ ವೈರ್ ಎಳೆದರೆ? ನೂರು ಮೀಟರು ದೂರದ ಮರಕ್ಕೆ ಕರೆಂಟು ಹೋಗಿ ವಾಪಸು ಬರಬೇಕು, ಒಟ್ಟು ಇನ್ನೂರು ಮೀಟರು ತಾಮ್ರ. ಒಂದೂವರೆ ಚದರ ಮಿಲಿಮೀಟರಿನ ವೈರಾದರೆ ಅದರ ಅಡ್ಡಿ 2.3 ಓಮ್‌ನಷ್ಟು. ಒಂಬತ್ತು ಆಂಪಿಯರ್ ಹರಿದಾಗ ದಾರಿಯಲ್ಲೇ 20 ವೋಲ್ಟ್ ಕಳೆದುಹೋಗುತ್ತದೆ. ಹೊರಡುವಾಗಲೇ 230 ಇದ್ದರೆ ಹೇಗೋ ಸಂಭಾಳಿಸಬಹುದು. ಲೈನಿನ ಕೊನೆಯ ಟ್ರಾನ್ಸ್‌ಫಾರ್ಮರಿನಲ್ಲಿ ಸಾಯಂಕಾಲ ಎಷ್ಟಿರುತ್ತದೆ ಎಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ವೈರಿನ ಸುರುಳಿಯನ್ನು ಬಿಚ್ಚದೆ ಬಳಸಿದರೆ ಒಳಗಿನ ಸುತ್ತುಗಳು ಬಿಸಿಯಾಗಿ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕಾಫಿ ಗಿಡಗಳ ನಡುವೆ ಹಾದುಬಂದ ವೈರು, ಮೇಲೆ ತಿರುಗುವ ಚೈನು, ಕೆಳಗೆ ಒದ್ದೆ ತರಗೆಲೆ. ಈ ಮೂರನ್ನು ಒಂದೆಡೆ ಸೇರಿಸುವ ಧೈರ್ಯ ನನಗಂತೂ ಇಲ್ಲ.

ಪೆಟ್ರೋಲ್ ಜನರೇಟರ್ ಹೊತ್ತೊಯ್ಯಬಹುದು. ಆದರೆ ಪೆಟ್ರೋಲ್ ಸುಟ್ಟು ಕರೆಂಟು ಮಾಡಿ, ಆ ಕರೆಂಟಿನಲ್ಲಿ ಚೈನು ತಿರುಗಿಸುವುದಾದರೆ ಪೆಟ್ರೋಲ್ ಗರಗಸ ಮಾಡಿದ ಪಾಪವೇನು?

ಇಷ್ಟು ಲೆಕ್ಕದಲ್ಲಿ ಒಂದು ಅಂಶವನ್ನು ನಾವು ನೋಡಿಯೇ ಇಲ್ಲ. ಮರಗಸಿ ಮಾಡುವವನನ್ನು ಒಂದು ಗಂಟೆ ಕೆಳಗೆ ನಿಂತು ಗಮನಿಸಿ. ಸೊಂಟದ ಹಗ್ಗ ಸರಿಮಾಡಿಕೊಳ್ಳುತ್ತಾನೆ. ಕತ್ತರಿಸಬೇಕಾದ ಕೊಂಬೆಗೆ ಇನ್ನೊಂದು ಹಗ್ಗ ಬಿಗಿಯುತ್ತಾನೆ. ಕೆಳಗಿನಿಂದ ತೋಟದ ಮೇಲ್ವಿಚಾರಣೆಯ ರೈಟರು ‘ಮೆಣಸಿನ ಬಳ್ಳಿ ನೋಡ್ಕೊಳೋ’ ಎಂದು ಕೂಗುತ್ತಾರೆ. ಕೊಂಬೆಯ ಅಡಿಭಾಗಕ್ಕೆ ಮೊದಲು ಒಂದು ಕಚ್ಚು, ಆಮೇಲೆ ಮೇಲಿಂದ. ಹಾಗೆ ಮಾಡದಿದ್ದರೆ ಬೀಳುವಾಗ ತೊಗಟೆ ಸೀಳಿಕೊಂಡು ಕಾಂಡದುದ್ದಕ್ಕೂ ಗಾಯವಾಗುತ್ತದೆ. ಚೈನು ತಿರುಗುವುದು ಏಳೆಂಟು ಸೆಕೆಂಡು. ಮತ್ತೆ ಕೊಂಬೆ ಇಳಿಸುವುದು, ಹಗ್ಗ ಬಿಚ್ಚುವುದು, ಜಾಗ ಬದಲಿಸುವುದು, ಉಸಿರು ಬಿಡುವುದು. ಗಂಟೆಯಲ್ಲಿ ಚೈನು ಓಡಿದ್ದು ಒಟ್ಟು ಐದು ನಿಮಿಷ ಎಂದಿಟ್ಟುಕೊಳ್ಳಿ. ಆ ಐದು ನಿಮಿಷ 1,000 ವ್ಯಾಟ್ ಬೇಕಾದರೂ ಗಂಟೆಯ ಖರ್ಚು 83 ವ್ಯಾಟ್-ಅವರ್. ಹಳೆಯ ಕಾಲದ ಒಂದು ಗುಂಡು ಬಲ್ಬು ಗಂಟೆಗೆ ತಿನ್ನುತ್ತಿದ್ದಷ್ಟು!

ಇಲ್ಲಿ ಪ್ರಶ್ನೆಯೇ ಬದಲಾಗುತ್ತದೆ. ಮರದ ಬುಡಕ್ಕೆ 2,000 ವ್ಯಾಟ್ ಒಯ್ಯುವ ಅಗತ್ಯವೇ ಇಲ್ಲ. ಏಳೆಂಟು ಸೆಕೆಂಡು ಧಾರಾಳವಾಗಿ ಕೊಡಬಲ್ಲ ಒಂದು ಚಿಕ್ಕ ಸಂಗ್ರಹ ಗರಗಸದ ಹಿಡಿಯಲ್ಲೇ ಇರಬೇಕು. ಅದನ್ನು ನೂರು ವ್ಯಾಟಿನಂತೆ ಸಾವಕಾಶವಾಗಿ ತುಂಬಿಸುವ ದಾರಿ ಎಲ್ಲಿಯಾದರೂ ಇದ್ದರೆ ಸಾಕು. ಸೀಸದ ಬ್ಯಾಟರಿಗೆ ಮೊದಲನೆಯದು ಸಾಧ್ಯವಿರಲಿಲ್ಲ. ಲಿಥಿಯಂಗೆ ಸಾಧ್ಯವಾಯಿತು.

ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಕೋಶಕ್ಕೆ ತಳಹದಿ ಹಾಕಿದ ಗುಡ್‌ಎನಫ್, ವಿಟಿಂಗ್‌ಹ್ಯಾಮ್ ಮತ್ತು ಯೊಶಿನೊ ಅವರಿಗೆ 2019ರ ರಸಾಯನಶಾಸ್ತ್ರ ನೊಬೆಲ್ ಬಂತು. ಗರಗಸದ ಬ್ಯಾಟರಿ ಬಿಚ್ಚಿದರೆ ಕಾಣುವುದು 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಉರುಳೆಗಳು. ಒಂದೊಂದರೊಳಗೂ ತಾಮ್ರ ಮತ್ತು ಅಲ್ಯುಮಿನಿಯಂ ಹಾಳೆಗಳ ಮೇಲೆ ಕೂದಲೆಳೆಯಷ್ಟು ತೆಳುವಾಗಿ ರಾಸಾಯನಿಕ ಬಳಿದು, ಚಾಪೆ ಸುತ್ತಿದಂತೆ ಬಿಗಿಯಾಗಿ ಸುತ್ತಿರುತ್ತಾರೆ. ಹರವು ಬಹಳ, ದಪ್ಪ ಕಮ್ಮಿ. ಹಾಗಾಗಿ ಲಿಥಿಯಂ ಅಯಾನುಗಳು ಕ್ರಮಿಸಬೇಕಾದ ದಾರಿ ತೀರಾ ಗಿಡ್ಡ, ಕೇಳಿದ ತಕ್ಷಣ ಒಂದು ಕೋಶ ಇಪ್ಪತ್ತು ಆಂಪಿಯರ್ ಕೊಡುತ್ತದೆ. ಇಂಥ ಐದು ಕೋಶ ಸಾಲಾಗಿ ಜೋಡಿಸಿದರೆ 18 ವೋಲ್ಟ್. ಎರಡು ಸಾಲು ಸೇರಿ 5 ಆಂಪಿಯರ್-ಅವರ್ ಆದರೆ 90 ವ್ಯಾಟ್-ಅವರ್. ತೂಕ ಮುಕ್ಕಾಲು ಕಿಲೋ ಒಳಗೆ. ಮೇಲಿನ ಲೆಕ್ಕದ ಪ್ರಕಾರ ಒಂದು ಗಂಟೆಯ ಮರಗಸಿ.

ಮೋಟಾರೂ ಬದಲಾಗಿದೆ. ವೈರಿನ ಗರಗಸದಲ್ಲಿರುವುದು ಅಡುಗೆಮನೆಯ ಮಿಕ್ಸಿಯದೇ ಜಾತಿಯ ಮೋಟಾರು. ಕಾರ್ಬನ್ ಬ್ರಷ್ಷು ಉಜ್ಜುತ್ತದೆ, ಕಿಡಿ ಹಾರುತ್ತದೆ, ಸವೆಯುತ್ತದೆ. ಬ್ಯಾಟರಿ ಗರಗಸದ ಒಳ್ಳೆಯ ಮಾದರಿಗಳಲ್ಲಿ ಬ್ರಷ್ಷೇ ಇಲ್ಲ. 1980ರ ದಶಕದಲ್ಲಿ ಬಂದ ನಿಯೋಡಿಮಿಯಂ ಅಯಸ್ಕಾಂತದ ಸುತ್ತ ಎಲೆಕ್ಟ್ರಾನಿಕ್ ಮಂಡಲವೇ ಕರೆಂಟನ್ನು ಸರದಿಯಂತೆ ಹಾಯಿಸುತ್ತದೆ. ಗುಂಡಿ ಬಿಟ್ಟ ಕೂಡಲೇ ನಿಶ್ಶಬ್ದ. ಇದನ್ನು ಸುಖದ ಮಾತೆಂದು ತಳ್ಳಿಹಾಕಬೇಡಿ. ಮರದ ಮೇಲಿನವನಿಗೆ ಕೆಳಗಿನವರ ಕೂಗು ಕೇಳಿಸುವುದು ಪ್ರಾಣದ ವಿಷಯ.

ಪೆಟ್ರೋಲಿನ ಪರವಾಗಿಯೂ ಒಂದು ಮಾತು ಹೇಳಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಒಂಬತ್ತು ಯೂನಿಟ್ಟಿನಷ್ಟು ಶಕ್ತಿ ಇದೆ. ಟೂ-ಸ್ಟ್ರೋಕ್ ಎಂಜಿನ್ ಬಹುಪಾಲನ್ನು ಬಿಸಿ, ಹೊಗೆ ಮಾಡಿ ಕಳೆದರೂ ಚೈನಿಗೆ ಒಂದು, ಒಂದೂವರೆ ಯೂನಿಟ್ ತಲುಪುತ್ತದೆ. ಅಷ್ಟಕ್ಕೆ 90 ವ್ಯಾಟ್-ಅವರಿನ ಬ್ಯಾಟರಿಗಳು ಹದಿನೈದಾದರೂ ಬೇಕು. ಮರ ಉರುಳಿಸಿ ದಿನವಿಡೀ ದಿಮ್ಮಿ ಕೊಯ್ಯುವವರು ಪೆಟ್ರೋಲ್ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಕೊಯ್ಯುವುದಕ್ಕಿಂತ ಕಾಯುವುದೇ ಹೆಚ್ಚಿರುವ ಮರಗಸಿಯಲ್ಲಿ ಬ್ಯಾಟರಿ ಗೆಲ್ಲುತ್ತದೆ.

ತುಂಬಿಸುವ ದಾರಿಗೆ ಬರೋಣ. ಜೀಪಿನ 12 ವೋಲ್ಟ್ ಸಾಕೆಟ್ಟಿನ ಫ್ಯೂಸು ಸಾಮಾನ್ಯವಾಗಿ 10ರಿಂದ 15 ಆಂಪಿಯರಿನದು. ಅಂದರೆ ನೂರು ವ್ಯಾಟ್ ನೆಮ್ಮದಿಯಾಗಿ ತೆಗೆಯಬಹುದು. ಆಗಾಗ ಎಂಜಿನ್ ಚಾಲೂ ಮಾಡದಿದ್ದರೆ ಮಾತ್ರ ಸಂಜೆ ಜೀಪು ತಳ್ಳುವ ಕೆಲಸ ಸಿಗುತ್ತದೆ. ಒಂದು ಬ್ಯಾಟರಿ ಮರದ ಮೇಲೆ, ಒಂದು ಚಾರ್ಜರಿನಲ್ಲಿ, ಒಂದು ತಣಿಯಲು ನೆರಳಲ್ಲಿ. ಬಿಸಿ ಬ್ಯಾಟರಿಯನ್ನು ಹಾಗೇ ಚಾರ್ಜಿಗೆ ಹಾಕಿದರೆ ಅದರ ಆಯುಸ್ಸು ಕಡಿಮೆಯಾಗುತ್ತದೆ. ಒಳ್ಳೆಯ ಚಾರ್ಜರು ತಾನಾಗಿ ತಡೆಯುತ್ತದೆ, ಅಗ್ಗದ್ದು ತಡೆಯುವುದಿಲ್ಲ. ಏಪ್ರಿಲ್, ಮೇ ಬಿಸಿಲಲ್ಲಿ ಆಳುಗಳ ಲೈನ್‌ಮನೆಯ ಸೂರಿನ ಮೇಲೆ 400 ವ್ಯಾಟಿನ ಒಂದು ಸೋಲಾರ್ ಹಲಗೆ ಇದ್ದರೆ ದಿನಕ್ಕೆ ಒಂದೂವರೆ ಯೂನಿಟ್ ಬರುತ್ತದೆ, ಎರಡು ಮೂರು ಗರಗಸಗಳಿಗೆ ಸಾಕು. ಜೂನ್ ಕಳೆದ ಮೇಲೆ ಆ ಮಾತು ಆಡಬೇಡಿ.

ಕೊಳ್ಳುವಾಗ ಲೇಬಲ್ಲಿಗೆ ಮರುಳಾಗದಿರುವುದು ಮುಖ್ಯ. ಅಂಗೈ ಅಗಲದ ಚೀನೀ ಗರಗಸಗಳ ಬ್ಯಾಟರಿಯ ಮೇಲೆ 48, 88 ಎಂಬ ದೊಡ್ಡ ಅಂಕಿಗಳಿರುತ್ತವೆ, ಪಕ್ಕದಲ್ಲಿ ‘ವಿಎಫ್’ ಎಂಬ ಅರ್ಥವಿಲ್ಲದ ಅಕ್ಷರ. ಒಳಗೆ ಅದೇ ಐದು ಕೋಶ, ಪೂರ್ತಿ ತುಂಬಿದಾಗ 21 ವೋಲ್ಟ್. ಕೋಶವೊಂದಕ್ಕೆ ಒಂದೂವರೆ ಆಂಪಿಯರ್-ಅವರ್ ಆದರೆ ಇಡೀ ಬ್ಯಾಟರಿ 27 ವ್ಯಾಟ್-ಅವರ್. ವೋಲ್ಟನ್ನೂ ಆಂಪಿಯರ್-ಅವರನ್ನೂ ಗುಣಿಸಿ ನೋಡಿ, ಅಂಗಡಿಯವನ ಮಾತು ಆಮೇಲೆ ಕೇಳಿ.

ಇದ್ದ ಬ್ಯಾಟರಿಯನ್ನೇ ಹಿಗ್ಗಿಸುವ ಸಾಧನ ಒಂದಿದೆ: ಚೈನಿನ ಹಲ್ಲು ಹರಿತ ಮಾಡುವ ದುಂಡು ಅರ. ಅಮೆರಿಕದ ಆರೆಗಾನ್ ಕಾಡಿನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರಗೆಲಸದವನು 1946ರಲ್ಲಿ ಒಂದು ಕೊರಡಿನೊಳಗೆ ದುಂಬಿಯ ಹುಳು ಮರ ಕೊರೆಯುವುದನ್ನು ಕೂತು ನೋಡಿದ. ತೋರುಬೆರಳಿನಷ್ಟಿದ್ದ ಆ ಹುಳು ‘ಸಿ’ ಆಕಾರದ ಎರಡು ದವಡೆಗಳನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ, ನಾರಿನ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಲೀಸಿನಲ್ಲಿ ಸಾಗುತ್ತಿತ್ತು. ಆ ದವಡೆಗಳನ್ನೇ ಉಕ್ಕಿನ ಚೈನಿನಲ್ಲಿ ಮಾಡಿ ಮರುವರ್ಷ ಮಾರಿದ. ಇಂದಿನ ಚೈನುಗಳೆಲ್ಲ ಬಹುತೇಕ ಆ ಹುಳುವಿನ ವಂಶ. ಹರಿತವಿದ್ದಾಗ ಅದು ಉದುರಿಸುವುದು ಚಕ್ಕೆ, ಮೊಂಡಾದಾಗ ಹಿಟ್ಟು. ಹಿಟ್ಟು ಕಂಡಿತೆಂದರೆ ಬ್ಯಾಟರಿ ಮರ ಕೊಯ್ಯುತ್ತಿಲ್ಲ, ಮರ ಬಿಸಿ ಮಾಡುತ್ತಿದೆ. ಕೆಳಗಿಳಿದು ಹಲ್ಲಿಗೆ ಎರಡೆರಡು ಸಲ ಅರ ಎಳೆಯುವುದಕ್ಕೆ ಐದು ನಿಮಿಷ ಸಾಕು.

ಮರ ಹತ್ತುವುದೇ ಬೇಡ ಎಂದು ಉದ್ದ ಕೋಲಿನ ತುದಿಗೆ ಬ್ಯಾಟರಿ ಗರಗಸ ಸಿಕ್ಕಿಸಿದ ಯಂತ್ರಗಳೂ ಬಂದಿವೆ. ಅಲ್ಲಿ ನಾವು ದೂರ ಎಂದು ಬೈಯುತ್ತಿದ್ದ ಕರೆಂಟು ಅತಿ ಹತ್ತಿರವಾಗುವ ಅಪಾಯವಿದೆ. ತೋಟಗಳ ನಡುವೆಯೇ 11,000 ವೋಲ್ಟಿನ ಲೈನು ಹಾದುಹೋಗಿದೆ, ಅಲ್ಯುಮಿನಿಯಂ ಏಣಿ ಅದಕ್ಕೆ ತಗುಲಿ ಜನ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಕೋಲೂ ಅಲ್ಯುಮಿನಿಯಂನದಾದರೆ ಅದೇ ಗತಿ. ಅಡಿಕೆ ಕೊಯ್ಲಿಗೆ ಬಂದಿರುವ ಹಗುರ ಕಾರ್ಬನ್ ಫೈಬರ್ ದೋಟಿ ನೋಡಲು ಪ್ಲಾಸ್ಟಿಕ್ಕಿನಂತಿದ್ದರೂ ಅದೂ ವಿದ್ಯುತ್ ವಾಹಕವೇ. ಫೈಬರ್‌ಗ್ಲಾಸ್ ವಾಹಕವಲ್ಲ, ಆದರೆ ಒದ್ದೆಯಾಗಿ ಮಣ್ಣು ಮೆತ್ತಿಕೊಂಡರೆ ಅದನ್ನೂ ನಂಬುವಂತಿಲ್ಲ. ಲೈನಿನ ಪಕ್ಕದ ಮರಗಳಿಗೆ ಲೈನ್‌ಮನ್ ಬಂದು ಎಲ್.ಸಿ. (ಲೈನ್ ಕ್ಲಿಯರ್, ಅಂದರೆ ಲೈನು ಆಫ್ ಮಾಡಿದ ಖಾತ್ರಿ) ತೆಗೆದುಕೊಟ್ಟ ಮೇಲೆಯೇ ಕೈ ಹಾಕಬೇಕು. ಎಲ್.ಸಿ. ಸಿಗುವುದು ಕೆಲವೇ ಗಂಟೆ, ಅಷ್ಟರಲ್ಲಿ ಇಡೀ ಸಾಲು ಮುಗಿಯಬೇಕು. ಅವತ್ತು ಲೈನಿನ ಜೊತೆಗೆ ಮನೆಯ ಚಾರ್ಜರೂ ಆಫ್ ಆಗಿರುತ್ತದೆ, ಬ್ಯಾಟರಿಗಳನ್ನು ಹಿಂದಿನ ರಾತ್ರಿಯೇ ತುಂಬಿಸಿಟ್ಟುಕೊಳ್ಳಿ.