ಊರಿನ ಜಮೀನೂ ಪೌತಿ ಖಾತೆಯೂ

ತಂದೆ ತೀರಿಕೊಂಡರೆ ಆಸ್ತಿ ತಾನಾಗಿಯೇ ಮಕ್ಕಳಿಗೆ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹುಮಂದಿಗೆ ಉಂಟು. ಕಾನೂನಿನ ದೃಷ್ಟಿಯಿಂದ ಈ ನಂಬಿಕೆ ಸರಿಯೇ. ಆದರೆ ಊರಿನ ತಾಲ್ಲೂಕು ಕಚೇರಿಗೆ ಆ ಮರಣದ ಸುದ್ದಿ ತಾನಾಗಿ ಹೋಗುವುದಿಲ್ಲ. ಯಾರಾದರೂ ಹೋಗಿ ತಿಳಿಸುವವರೆಗೆ ಅಲ್ಲಿಯ ದಫ್ತರದಲ್ಲಿ ಸತ್ತವರು ಬದುಕಿಯೇ ಇರುತ್ತಾರೆ. ಪಹಣಿ ಅವರ ಹೆಸರಿನಲ್ಲೇ ಬರುತ್ತಿರುತ್ತದೆ. ಮುಂಬಯಿಯಲ್ಲಿ ನೆಲೆಸಿದ ನಮ್ಮವರಲ್ಲಿ, ಅಜ್ಜನ ಹೆಸರಿನಲ್ಲೇ ಉಳಿದುಹೋದ ಗದ್ದೆ ತೋಟಗಳ ಮಾತು ಬಾರದ ಮನೆ ಅಪರೂಪ.

ಇದರಿಂದ ಕೇಡೇನು, ಭೂಮಿ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಭೂಮಿ ಓಡಿಹೋಗುವುದಿಲ್ಲ, ನಿಜ. ಆದರೆ ಸತ್ತವರ ಹೆಸರಿನ ಭೂಮಿಯ ಮೇಲೆ ಬ್ಯಾಂಕಿನ ಸಾಲ ಹುಟ್ಟುವುದು ಕಷ್ಟ, ಮಾರುವುದು ಇನ್ನೂ ಕಷ್ಟ. ರಸ್ತೆಗೋ ಕಾಲುವೆಗೋ ಸರ್ಕಾರ ಅದನ್ನು ತೆಗೆದುಕೊಂಡರೆ, ಪರಿಹಾರದ ಹಣ ಯಾರ ಕೈಗೆ ಎಂಬ ಪ್ರಶ್ನೆ ಏಳುತ್ತದೆ. ತಂದೆ ಹೋದಾಗ ಮೂವರಿದ್ದ ವಾರಸುದಾರರು ಮೊಮ್ಮಕ್ಕಳ ಕಾಲಕ್ಕೆ ಹದಿನೈದು ಮಂದಿಯಾಗುತ್ತಾರೆ. ಒಬ್ಬರು ಠಾಣೆಯಲ್ಲಿ, ಒಬ್ಬರು ಪುಣೆಯಲ್ಲಿ, ಮತ್ತೊಬ್ಬರು ದುಬೈಯಲ್ಲಿ. ಅಷ್ಟು ಸಹಿ ಕೂಡಿಸುವ ಹೊತ್ತಿಗೆ ಮತ್ತೊಂದು ಮರಣಪತ್ರ ಸೇರಿಕೊಂಡಿರುತ್ತದೆ.

ಹಿಂದೆ ಶಾನುಭೋಗರಿದ್ದರು. ಯಾರ ಮನೆಯಲ್ಲಿ ಯಾರು ಹೋದರು, ಯಾರಿಗೆ ಎಷ್ಟು ಮಕ್ಕಳು ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ೧೯೬೧ರ ಕಾಯಿದೆಯು ರದ್ದುಮಾಡಿತು. ಮುಂದೆ ೨೦೦೦ದ ಸುಮಾರಿಗೆ ‘ಭೂಮಿ’ ಯೋಜನೆಯಿಂದ ಕೈಬರಹದ ಪಹಣಿ ಹೋಗಿ ಕಂಪ್ಯೂಟರಿನ ಪಹಣಿ ಬಂದಿತು. ಅನುಕೂಲವೇನೋ ದೊಡ್ಡದೇ, ಮುಂಬಯಿಯಲ್ಲಿ ಕುಳಿತೇ ನಮ್ಮ ಸರ್ವೆ ನಂಬರಿನ ಪಹಣಿ ನೋಡಬಹುದು. ಆದರೆ ಕಂಪ್ಯೂಟರಿಗೆ ನಮ್ಮ ಅಜ್ಜನ ಪರಿಚಯವಿಲ್ಲ. ಪರಿಚಯ ಮಾಡಿಕೊಡುವ ಹೊಣೆ ನಮ್ಮದು.

ಈ ಕೆಲಸಕ್ಕೆ ಪೌತಿ ಖಾತೆ ಎಂದು ಹೆಸರು; ಧಾರವಾಡ, ಬೆಳಗಾವಿಗಳ ಕಡೆ ವಾರಸಾ ಎನ್ನುವುದೂ ಉಂಟು, ಅಲ್ಲಿ ಪಹಣಿಗೆ ಉತಾರ ಎನ್ನುತ್ತಾರೆ. ಜಮೀನಿನ ಹಕ್ಕು ಪಡೆದವರು ಮೂರು ತಿಂಗಳೊಳಗೆ ವರದಿ ಮಾಡಬೇಕೆಂದು ೧೯೬೪ರ ಕರ್ನಾಟಕ ಭೂಕಂದಾಯ ಅಧಿನಿಯಮದ ೧೨೮ನೆಯ ಕಲಮು ಹೇಳುತ್ತದೆ. ಅವಧಿ ಮೀರಿದರೆ ಹಕ್ಕು ಹೋಗುವುದಿಲ್ಲ. ತಡವಾದರೂ ಅರ್ಜಿ ಕೊಡಬಹುದು. ಬೇಕಾದ ಮುಖ್ಯ ಕಾಗದಗಳು ಮೂರು: ಮರಣಪತ್ರ, ವಂಶವೃಕ್ಷ, ಪಹಣಿಯ ನಕಲು. ಜೊತೆಗೆ ವಾರಸುದಾರರ ಗುರುತಿನ ಚೀಟಿಗಳು. ವಂಶವೃಕ್ಷಕ್ಕಾಗಿ ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಹಾಕಿದರೆ, ಹಿಂದೆ ಗ್ರಾಮಲೆಕ್ಕಿಗರೆನಿಸಿಕೊಂಡಿದ್ದ ಗ್ರಾಮ ಆಡಳಿತಾಧಿಕಾರಿಗಳು ವಿಚಾರಿಸಿ ವರದಿ ಕೊಡುತ್ತಾರೆ. ಖಾತೆಯ ಅರ್ಜಿ ಬಂದ ಮೇಲೆ ತಕರಾರು ಕರೆಯುವ ನೋಟೀಸು ಹೊರಡುತ್ತದೆ. ಅವಧಿಯೊಳಗೆ ತಕರಾರು ಬಾರದಿದ್ದರೆ ಮ್ಯುಟೇಶನ್ ಆಗಿ ವಾರಸುದಾರರ ಹೆಸರು ಪಹಣಿಗೆ ಏರುತ್ತದೆ. ಆಜ್ಞೆ ಒಪ್ಪಿಗೆಯಾಗದಿದ್ದರೆ ಉಪವಿಭಾಗಾಧಿಕಾರಿಗಳಲ್ಲಿ ಅಪೀಲು ಮಾಡಬಹುದು. ಅರ್ಜಿಯ ಸ್ವೀಕೃತಿ ರಸೀದಿಯನ್ನು ಮಾತ್ರ ಜೋಪಾನವಾಗಿಟ್ಟುಕೊಳ್ಳತಕ್ಕದ್ದು. ಮುಂದಿನ ಎಲ್ಲ ವಿಚಾರಣೆಗೂ ಅದರ ನಂಬರೇ ಆಧಾರ.

ನಮ್ಮಂತಹ ಹೊರನಾಡಿನವರಿಗೆ ನಿಜವಾದ ತೊಡಕು ಹೆಸರಿನದು. ಉದಾಹರಣೆಗೆ, ಪಹಣಿಯಲ್ಲಿ ‘ಶೀನಪ್ಪ ಬಿನ್ ಸುಬ್ಬಣ್ಣ’ ಎಂದಿರುತ್ತದೆ. ಅವರೇ ಮುಂಬಯಿಗೆ ಬಂದು ರೇಷನ್ ಕಾರ್ಡಿನಲ್ಲಿ ‘ಎಸ್. ಎಸ್. ರಾವ್’ ಆಗುತ್ತಾರೆ. ಆಸ್ಪತ್ರೆಯವರು ಬರೆದುಕೊಂಡದ್ದು ‘ಶ್ರೀನಿವಾಸ ಸುಬ್ಬ ರಾವ್’. ಮರಣ ಎಲ್ಲಿ ಸಂಭವಿಸಿತೋ ಅಲ್ಲಿಯೇ ಅದರ ನೋಂದಣಿ. ಆದ್ದರಿಂದ ಮರಣಪತ್ರ ಮುಂಬಯಿಯದೇ ಆಗಿರುತ್ತದೆ. ಸರ್ಕಾರಿ ಕಚೇರಿಯಲ್ಲಿ ಕಡತಗಳ ನಡುವೆ ದಿನ ಕಳೆಯುವ ನಮಗೆ ಗೊತ್ತು, ಗುಮಾಸ್ತನು ಕಾಗದವನ್ನು ಕಾಗದಕ್ಕೆ ತಾಳೆ ನೋಡುತ್ತಾನೆಯೇ ಹೊರತು ಮನುಷ್ಯನ ಮುಖವನ್ನಲ್ಲ. ಮೂರು ಹೆಸರಿದ್ದರೆ ಅವನ ಪಾಲಿಗೆ ಮೂವರು. ಮರಣದ ಮಾಹಿತಿ ಬರೆಸುವಾಗಲೇ ಹೆಸರು ಪಹಣಿಯಲ್ಲಿರುವುದಕ್ಕೆ ಹೊಂದುತ್ತದೆಯೇ ಎಂದು ನೋಡಿದರೆ ಅರ್ಧ ಕಷ್ಟ ತಪ್ಪುತ್ತದೆ. ಆ ದುಃಖದ ವೇಳೆಯಲ್ಲಿ ಇದು ನೆನಪಾಗುವುದು ಕಷ್ಟವೇ. ಅದಕ್ಕೇ ಮನೆಯ ಒಬ್ಬರಾದರೂ ಮೊದಲೇ ತಿಳಿದಿರಬೇಕು. ತಪ್ಪಾಗಿ ಬಿದ್ದ ಹೆಸರನ್ನು ತಿದ್ದಿಸಲು ೧೯೬೯ರ ಜನನ ಮರಣ ನೋಂದಣಿ ಕಾಯಿದೆಯಲ್ಲಿ ಅವಕಾಶವಿದೆ. ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ಟಿನಿಂದ ಕೆಲಸ ನಡೆಯುವುದೂ ಉಂಟು. ಆದರೆ ಅದಕ್ಕೆ ‘ಹೌದು, ಇವರೇ ಅವರು’ ಎನ್ನುವ ಊರಿನ ಹಿರಿಯರ ಬೆಂಬಲ ಬೇಕು. ಆ ಹಿರಿಯರು ನಮಗಾಗಿ ಎಷ್ಟು ವರ್ಷ ಕಾದಾರು?

ವಂಶವೃಕ್ಷ ಬರೆಸುವಾಗ ಅಕ್ಕತಂಗಿಯರನ್ನು ಬಿಡುವ ಅಭ್ಯಾಸ ಇನ್ನೂ ಹೋಗಿಲ್ಲ. ‘ಮದುವೆ ಮಾಡಿ ಕೊಟ್ಟಾಯಿತಲ್ಲ’ ಎನ್ನುತ್ತಾರೆ. ಇದು ಕಾನೂನಿಗೂ ಒಪ್ಪದ, ಮನೆಯ ಸೌಖ್ಯಕ್ಕೂ ಒಪ್ಪದ ಮಾತು. ಹಿಂದೂ ಗೃಹಸ್ಥನು ಉಯಿಲಿಲ್ಲದೆ ತೀರಿಕೊಂಡರೆ, ಅವನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ, ಇವರಿಗೆಲ್ಲ ಸಮಪಾಲೆಂದು ೧೯೫೬ರ ಕಾಯಿದೆಯೇ ಹೇಳಿದೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕನ್ನು ೨೦೦೫ರ ತಿದ್ದುಪಡಿ ಕೊಟ್ಟಿತು. ಆ ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂಬ ನಿಬಂಧನೆಯಿಲ್ಲವೆಂದು ಸುಪ್ರೀಂ ಕೋರ್ಟು ೨೦೨೦ರಲ್ಲಿ ತೀರ್ಮಾನಿಸಿತು. ತಂಗಿ ತನ್ನ ಪಾಲು ಬಿಡಲು ಮನಸಾರೆ ಒಪ್ಪಿದರೆ ಹಕ್ಕು ಬಿಡುಗಡೆ ಪತ್ರ ಬರೆದು ನೋಂದಣಿ ಮಾಡಿಸಬಹುದು. ಕೇಳಿ ಬಿಡಿಸಿಕೊಳ್ಳುವುದು ಬೇರೆ, ಹೆಸರೇ ಇಲ್ಲವೆಂದು ಬರೆಸುವುದು ಬೇರೆ. ಬಿಟ್ಟುಹೋದ ಹೆಸರು ಮುಂದೆ ದಾವೆಯಾಗಿ ಬರುತ್ತದೆ. ಆಗ ರಕ್ಷಾಬಂಧನವೂ ಇಲ್ಲ, ಗೌರೀಹಬ್ಬದ ಬಾಗಿನವೂ ಇಲ್ಲ.

ಉಯಿಲು ಇದ್ದವರು ಕೇಳುವ ಪ್ರಶ್ನೆ: ಪ್ರೊಬೇಟು ಬೇಕೆ? ಪ್ರೊಬೇಟು ಎಂದರೆ ಉಯಿಲು ಸಾಚಾ ಎಂದು ನ್ಯಾಯಾಲಯ ಒತ್ತುವ ಮುದ್ರೆ. ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ೨೧೩ನೆಯ ಕಲಮಿನಂತೆ, ಮುಂಬಯಿ ಅಥವಾ ಚೆನ್ನೈ ನಗರದಲ್ಲಿ ಹಿಂದುಗಳು ಬರೆದ ಉಯಿಲಿಗೆ, ಜಮೀನು ದೂರದ ಹಳ್ಳಿಯಲ್ಲಿದ್ದರೂ, ಪ್ರೊಬೇಟು ಕಡ್ಡಾಯವಾಗಿತ್ತು. ಊರಿನಲ್ಲೇ ಬರೆದ, ಊರಿನ ಜಮೀನಿಗೆ ಮಾತ್ರ ಸಂಬಂಧಿಸಿದ ಉಯಿಲಿಗೆ ಈ ಕಡ್ಡಾಯವಿರಲಿಲ್ಲ. ಸಂಸತ್ತು ೨೦೨೫ರ ಡಿಸೆಂಬರಿನಲ್ಲಿ ಆ ಕಲಮನ್ನೇ ತೆಗೆದುಹಾಕಿತು. ಹಾಗೆಂದು ಉಯಿಲನ್ನು ಸಾಬೀತುಪಡಿಸುವ ಹೊಣೆ ಹೋಯಿತೆಂದು ತಿಳಿಯಬಾರದು. ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ಒಬ್ಬ ವಾರಸುದಾರರು ತಕರಾರೆತ್ತಿದರೂ ಉಯಿಲಿನ ನಿಜಸುಳ್ಳನ್ನು ತಹಶೀಲ್ದಾರರು ತೀರ್ಮಾನಿಸಲಾರರು. ಸಿವಿಲ್ ನ್ಯಾಯಾಲಯವೇ ಗತಿ. ಇನ್ನು ಸಕ್ಸೆಷನ್ ಸರ್ಟಿಫಿಕೇಟು ಎಂಬುದು ಬ್ಯಾಂಕಿನ ಹಣ, ಷೇರು ಮೊದಲಾದವಕ್ಕೆ ಸಂಬಂಧಿಸಿದ್ದು; ಗದ್ದೆಗೆ ಅದು ಉಪಯೋಗವಿಲ್ಲ.

ಖಾತೆಯಾದ ಮೇಲೂ ಒಂದು ಮಾತು ನೆನಪಿರಲಿ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಹುಟ್ಟುವುದಿಲ್ಲ, ಹೆಸರು ಬಿಟ್ಟುಹೋದ ಮಾತ್ರಕ್ಕೆ ಹಕ್ಕು ಸಾಯುವುದೂ ಇಲ್ಲ. ಆದರೆ ತಪ್ಪೆಂದು ತೋರಿಸುವವರೆಗೆ ಪಹಣಿಯ ಬರಹವೇ ಸರಿಯೆಂದು ಕಾಯಿದೆ ಭಾವಿಸುತ್ತದೆ. ಮೊದಲು ಎಲ್ಲರ ಹೆಸರಿಗೂ ಜಂಟಿ ಖಾತೆ ಮಾಡಿಸಿ, ಪಾಲಿನ ವಿಚಾರವನ್ನು ಆಮೇಲೆ ಸಾವಕಾಶವಾಗಿ ಮಾತಾಡಿಕೊಳ್ಳುವುದು ಲೇಸು.

ಕಂದಾಯ ಇಲಾಖೆಯವರು ೨೦೨೫ರಲ್ಲಿ ‘ಇ-ಪೌತಿ’ ಎಂಬ ಆಂದೋಲನ ಹೂಡಿ ಸತ್ತವರ ಖಾತೆಗಳನ್ನು ಬದಲಿಸಲು ತೊಡಗಿದರು. ಆದರೆ ಊರಿನ ಮನೆಗೆ ಬೀಗ ಹಾಕಿ ಬಂದವರನ್ನು ಅವರು ಎಲ್ಲಿ ಹುಡುಕಿಯಾರು? ವಾಚಕರು ಈ ಸಲ ರಜೆಗೆ ಊರಿಗೆ ಹೊರಡುವ ಮುನ್ನ ತಮ್ಮ ಪಹಣಿಯನ್ನು ಒಮ್ಮೆ ತೆಗೆದು ನೋಡಲಿ. ಅದರಲ್ಲಿ ತೀರಿಹೋದವರ ಹೆಸರಿದ್ದರೆ, ಮರಣಪತ್ರವನ್ನೂ ಎಲ್ಲ ಒಡಹುಟ್ಟಿದವರ ಹೆಸರಿನ ಪಟ್ಟಿಯನ್ನೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೊರಡಲಿ. ರಜೆಯ ಎರಡು ದಿನವನ್ನು ನಾಡಕಚೇರಿಗೆಂದು ಮೀಸಲಿಡಲಿ.