ಮೋಡ ಬಂತು, ಒಡ್ಡು ಎಲ್ಲಿ?

ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ನಮ್ಮ ಸುದ್ದಿಮನೆಗಳಲ್ಲಿ ಏನು ನಡೆಯುತ್ತೆ ಅಂತ ನಿಮಗೆ ಗೊತ್ತೇ ಇದೆ. ಯಾವ ಜಿಲ್ಲೆ ಫಸ್ಟು, ಯಾವುದು ಲಾಸ್ಟು, ರಾಜ್ಯಕ್ಕೆ ಮೊದಲು ಬಂದವರು ಯಾರು. 2024ರಲ್ಲಿ 625ಕ್ಕೆ 625 ತೆಗೆದ ಹುಡುಗಿ ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನ ಮೆಳ್ಳಿಗೇರಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯವಳು. ಎಲ್ಲ ಚಾನೆಲ್‌ಗಳ ಮೈಕೂ ಅಲ್ಲಿಗೆ ಹೋಯಿತು. ಹೋಗಲೇಬೇಕಿತ್ತು. ಆದರೆ ಅದೇ ಜಿಲ್ಲೆಯ ಹುನಗುಂದದಲ್ಲಿ ಒಬ್ಬ ಹುಡುಗ ಗಣಿತದಲ್ಲಿ ಫೇಲಾದ ಅಂತಿಟ್ಟುಕೊಳ್ಳಿ. ಇವತ್ತು ಅವನ ಬಗ್ಗೆ ಮಾತಾಡೋಣ.

ಅವನ ಕೈಗೆ ಸಿಕ್ಕಿದ್ದು ಒಂದು ಅಂಕಿ. ಗಣಿತದ ಲಿಖಿತ ಪರೀಕ್ಷೆ 80 ಅಂಕದ್ದು, 38 ಪ್ರಶ್ನೆ. ಹುಡುಗ ಎಡವಿದ್ದು ತ್ರಿಕೋನಮಿತಿಯಲ್ಲೋ, ಸಮಾಂತರ ಶ್ರೇಢಿಯಲ್ಲೋ, ಪ್ರಮೇಯದಲ್ಲೋ? ಮೌಲ್ಯಮಾಪಕರಿಗೆ ಅದು ಗೊತ್ತಿತ್ತು. ಒಂದೊಂದು ಪ್ರಶ್ನೆಗೂ ಎಷ್ಟು ಕೊಟ್ಟೆವು ಅಂತ ಅವರು ಉತ್ತರ ಪತ್ರಿಕೆಯ ಮೇಲೇ ಬರೆದಿದ್ದಾರೆ. ಅಂಕಪಟ್ಟಿಗೆ ಬಂದಿದ್ದು ಮಾತ್ರ ಒಟ್ಟು.

ನಾವು ಪರದೆ ಮೇಲೆ ದೊಡ್ಡದಾಗಿ ತೋರಿಸುವ ಶೇಕಡಾವಾರು ಇದಕ್ಕಿಂತ ಮೋಸದ್ದು. 2021ರಲ್ಲಿ ಕೊರೊನಾ. ಎರಡೇ ದಿನದ ಪರೀಕ್ಷೆ, ಓಎಂಆರ್ ಹಾಳೆ, ಹೆಚ್ಚೂಕಮ್ಮಿ ಎಲ್ಲರೂ ಪಾಸು. 2023ರಲ್ಲಿ ಶೇ. 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು, ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ! ಹಾಗಾದರೆ ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರಾ? ಅಳೆಯೋ ಕೋಲೇ ಪ್ರತಿ ವರ್ಷ ಬದಲಾದರೆ ಬಟ್ಟೆ ಎಷ್ಟು ಉದ್ದ ಅಂತ ಹೇಳೋದು ಹೇಗೆ? ಇಳಕಲ್ಲಿನ ನೇಕಾರರನ್ನು ಕೇಳಿ ನೋಡಿ.

ಈಗ ಕ್ಲೌಡ್ ವಿಷಯಕ್ಕೆ ಬರ್ತೀನಿ. ಹೆಸರು ಕೇಳಿ ಗಾಬರಿಯಾಗಬೇಡಿ. ಮದುವೆಗೆ ಪೆಂಡಾಲು, ದೊಡ್ಡ ಪಾತ್ರೆ ಬಾಡಿಗೆಗೆ ತರ್ತೀವಲ್ಲ, ಹಾಗೆ ಇದು ಕಂಪ್ಯೂಟರ್ ಬಾಡಿಗೆ. ಫಲಿತಾಂಶದ ದಿನ ಲಕ್ಷಾಂತರ ಮಂದಿ ಒಮ್ಮೆಲೇ ವೆಬ್‌ಸೈಟ್ ತೆರೆದಾಗ ನೂರು ಕಂಪ್ಯೂಟರ್ ಬೇಕು, ಸಂಜೆಗೆ ಹತ್ತು ಸಾಕು. ಬಳಸಿದಷ್ಟಕ್ಕೆ ದುಡ್ಡು. ಸರ್ವರ್ ಹ್ಯಾಂಗ್ ಆಗೋದು ತಪ್ಪುತ್ತೆ ಅನ್ನೋದು ಇದರ ಚಿಕ್ಕ ಲಾಭ. ದೊಡ್ಡದು ಬೇರೆ ಇದೆ. ಎಂಟೂವರೆ ಲಕ್ಷ ಮಕ್ಕಳು, ತಲಾ 38 ಪ್ರಶ್ನೆ ಅಂದರೆ ಗಣಿತವೊಂದರಲ್ಲೇ ಮೂರು ಕೋಟಿಗೂ ಹೆಚ್ಚು ಅಂಕಿಗಳು. ಇವನ್ನು ಶಾಲೆವಾರು, ಪಾಠವಾರು ಬಿಡಿಸಿ ಕೊಡೋದು ಇಂಥ ವ್ಯವಸ್ಥೆಗೆ ಕೆಲವು ಗಂಟೆಗಳ ಕೆಲಸ.

ಆಗ ಹುನಗುಂದದ ಗಣಿತ ಮಾಸ್ತರಿಗೆ ಒಂದು ಹಾಳೆ ಬರುತ್ತೆ: ನಿಮ್ಮ ಶಾಲೆಯ ಮಕ್ಕಳು ಈ ಎರಡು ಪಾಠದಲ್ಲಿ ಸೋತಿದ್ದಾರೆ, ಮಿಕ್ಕದ್ದು ಪರವಾಗಿಲ್ಲ. ಇದು ಯಾಕೆ ಮುಖ್ಯ ಗೊತ್ತಾ? 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಬಂದವು. ಆ ವರ್ಷ ಫಲಿತಾಂಶ ಬಂದಿದ್ದು ಮೇ 9ಕ್ಕೆ, ಪರೀಕ್ಷೆ-2 ಜೂನ್‌ನಲ್ಲಿ. ನಡುವೆ ಒಂದು ತಿಂಗಳು ಚಿಲ್ಲರೆ. ಅಷ್ಟರಲ್ಲಿ ಇಡೀ ಪುಸ್ತಕ ಮತ್ತೆ ಕಲಿಸೋಕಾಗಲ್ಲ, ಎರಡು ಪಾಠ ಕಲಿಸಬಹುದು. ಅದೂ ಆಗದಿದ್ದರೆ ಆ ಹುಡುಗ ಅಪ್ಪ-ಅವ್ವನ ಜೊತೆ ಗೋವಾಕ್ಕೋ ಮಂಗಳೂರಿಗೋ ದುಡಿಯೋಕೆ ಹೊರಡ್ತಾನೆ. ಗುಳೆ ಹೋದ ಹುಡುಗ ಮುಂದಿನ ಪರೀಕ್ಷೆಗೆ ವಾಪಸ್ ಬರ್ತಾನೆ ಅಂತ ನಂಬ್ತೀರಾ?

ಹುನಗುಂದದ ಎರೆ ಹೊಲದವರಿಗೆ ಇದು ಹೊಸ ಪಾಠವಲ್ಲ. ಮಳೆ ಬಿದ್ದರೆ ಸಾಲದು, ನೀರು ಹೊಲದಲ್ಲೇ ಇಂಗಲಿ ಅಂತ ಒಡ್ಡು ಹಾಕಿದವರು ಅವರು. ಪ್ರತಿ ಮಗುವಿಗೂ ಸ್ಯಾಟ್ಸ್ ನಂಬರ್ ಇದೆ, ಅಂಕಗಳು ಕಂಪ್ಯೂಟರ್ ಸೇರ್ತಿವೆ, ಅಂದರೆ ಮಳೆ ಬೀಳ್ತಿದೆ. ಎಲ್ಲ ಬೆಂಗಳೂರಿಗೆ ಹರಿದು ಹೋಗ್ತಿದೆ.

ಇಷ್ಟೆಲ್ಲ ಅಂಕಿ ತುಂಬೋರು ಯಾರು ಅಂತ ಶಿಕ್ಷಕರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಬೆಳಗಾವಿಯ ವಿಟಿಯು ದಶಕದ ಹಿಂದೆಯೇ ಉತ್ತರ ಪತ್ರಿಕೆ ಸ್ಕ್ಯಾನ್ ಮಾಡಿ ಕಂಪ್ಯೂಟರ್ ಪರದೆ ಮೇಲೆ ಮೌಲ್ಯಮಾಪನ ಮಾಡಿಸಿದೆ. ಹಾಗೆ ಮಾಡಿದರೆ ಪ್ರಶ್ನೆವಾರು ಅಂಕ ತಾನಾಗಿಯೇ ದಾಖಲಾಗುತ್ತೆ, ಕೂಡಿಸುವ ತಪ್ಪೂ ಇಲ್ಲ. ಇನ್ನೊಂದು ಭಯ ನನಗೂ ಇದೆ. ಈ ಹಾಳೆ ಮಾಸ್ತರಿಗೆ ನೋಟಿಸ್ ಕೊಡೋ ಚಾಟಿಯಾದರೆ, ಮರುವರ್ಷದಿಂದಲೇ ಸುಳ್ಳು ಅಂಕಿ ಶುರು. ಹನ್ನೆರಡು ಮಕ್ಕಳಿರೋ ಶಾಲೆಯ ವರದಿಯನ್ನು ಊರಿಗೆಲ್ಲ ತೋರಿಸಿದರೆ, ಹೆಸರಿಲ್ಲದಿದ್ದರೂ ಯಾರ ಮಗಳು ಅಂತ ಎಲ್ಲರಿಗೂ ಗೊತ್ತಾಗುತ್ತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ 18 ತುಂಬದವರೆಲ್ಲ ಮಕ್ಕಳೇ. ಶಾಲೆಯ ಹಾಳೆ ಶಾಲೆಗೆ, ಮಗುವಿನದು ಮನೆಗೆ ಮಾತ್ರ ಹೋಗಬೇಕು.

ಇದೆಲ್ಲ ಬರೋವರೆಗೆ ಒಂದು ದಾರಿ ಈಗಲೇ ಇದೆ. ಶುಲ್ಕ ಕಟ್ಟಿ ಮಂಡಳಿಯಿಂದ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಬಹುದು. ಮರುಮೌಲ್ಯಮಾಪನ ಮಾಡಿಸೋರು ಮಾತ್ರ ತರಿಸ್ತಾರೆ. ಫೇಲಾದ ಮಗುವಿನ ಮನೆಯವರೂ ತರಿಸಿ, ಗಣಿತ ಮಾಸ್ತರ ಮುಂದೆ ಇಡಿ. ಯಾವ ಪ್ರಶ್ನೆಗೆ ಸೊನ್ನೆ ಬಿದ್ದಿದೆ ಅಂತ ಅವರು ಐದು ನಿಮಿಷದಲ್ಲಿ ಹೇಳ್ತಾರೆ.